240ಡಿ ಡಿಫರೆನ್ಷಿಯಲ್ ಬದಲಿಸುವ ಮೊದಲು

ನಿಮ್ಮ ನಾಲ್ಕು ಗೇರಿನ ಮರ್ಸಿಡಿಸ್ 240ಡಿ ಗಿರಾಕಿಗೆ ಹಿಡಿಸಿದೆ, ಆದರೆ ಕಾಸರಗೋಡಿನಿಂದ ಮಂಗಳೂರಿಗೆ ಗಂಟೆಗೆ 80 ಕಿ.ಮೀ.ನಲ್ಲಿ ಹೋದರೆ ಇಂಜಿನ್ ಅರಚುತ್ತದೆ ಅನ್ನುತ್ತಾರೆ, 3.07ರ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರು ಪೆಟ್ಟಿಗೆ; ಚಕ್ರ ಒಂದು ಸುತ್ತು ತಿರುಗಲು ಅದಕ್ಕೆ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದೇ ಈ ಸಂಖ್ಯೆ) ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಈಗಿನ 3.69ರಲ್ಲಿ 80ಕ್ಕೆ ಇಂಜಿನ್ ನಿಮಿಷಕ್ಕೆ ಸುಮಾರು 2550 ಸುತ್ತು. 3.07 ಹಾಕಿದರೆ 2120ಕ್ಕೆ ಇಳಿಯುತ್ತದೆ, ನಿಜ. ಆದರೆ ಟರ್ಬೋ ಇಲ್ಲದ ಈ ಇಂಜಿನ್ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಏದುಸಿರು ಬಿಡುತ್ತದೆ. ಏರಿನಲ್ಲಿ ನಿಂತು ಹೊರಡುವಾಗಲೆಲ್ಲ ಕ್ಲಚ್ ಸವೆಯುತ್ತದೆ. ಮರ್ಸಿಡಿಸ್ 300ಡಿ ಕಾರಿನ 3.46 ಹುಡುಕಿ. 2390 ಸುತ್ತು, ಎಳೆತವೂ ಉಳಿಯುತ್ತದೆ.

ಇದು 3.46 ಎನ್ನುವ ಗುಜರಿಯವರ ಬಾಯಿಮಾತು ಸಾಲದು. ಒಂದು ಬದಿಯ ಆಕ್ಸಲ್ ಅಲುಗದಂತೆ ಹಿಡಿದು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಚಾಕ್‌ಪೀಸಿನಲ್ಲಿ ಗೆರೆ ಎಳೆದ ಪಿನಿಯನ್ (ಮುಂದಿನಿಂದ ಶಾಫ್ಟ್ ಬಂದು ಸೇರುವ ತುದಿ) ಮೂರೂವರೆ ಸುತ್ತಿಗೆ ಚೂರು ಮೊದಲೇ ನಿಂತರೆ ಅದು 3.46.

ಹಳೆ ಆಯಿಲ್ ಇಳಿಸುವ ಮುಂಚೆ ಮೇಲಿನ ತುಂಬಿಸುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಅದು ತುಕ್ಕು ಹಿಡಿದು ಕೂತಿದ್ದರೆ ಹೊಸ ಆಯಿಲ್ ಹಾಕಲು ದಾರಿಯೇ ಇಲ್ಲ. 90ರ ಹೈಪಾಯ್ಡ್ ಗೇರ್ ಆಯಿಲ್ ಸುಮಾರು ಒಂದು ಲೀಟರ್ ಬೇಕು.

ಸ್ಪೀಡೋಮೀಟರ್‌ಗೆ ಚಾಲನೆ ಗೇರ್‌ಬಾಕ್ಸಿನಿಂದ. ಹಾಗಾಗಿ 3.46 ಹಾಕಿದ ಮೇಲೆ ಮುಳ್ಳು 80 ತೋರಿಸುವಾಗ ಕಾರು 85ರಲ್ಲಿ ಇರುತ್ತದೆ. ಗಿರಾಕಿಗೆ ಇದನ್ನು ಮೊದಲೇ ಹೇಳಿ, ಬಿಚ್ಚಿದ 3.69ನ್ನೂ ಕಾರಿನ ಜೊತೆಗೇ ಕೊಡಿ.