ಎಂಬಿಬಿಎಸ್ ಸೇರುವ ಮುಂಚೆ ದುಡ್ಡು, ಓದು ಎರಡಕ್ಕೂ ಹೇಗೆ ತಯಾರಾಗಬೇಕು?

ನೀಟ್ ಮುಗಿದಿದೆ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವ ಕೌನ್ಸೆಲಿಂಗ್ ಬಾಕಿ ಇದೆ, ಅಪ್ಪನಿಗೆ ಇರುವುದು ಸ್ವಲ್ಪ ಜಮೀನು, ಈಗಿನಿಂದಲೇ ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಸರ್ಕಾರಿ ಕಾಲೇಜಿನಲ್ಲಿ ಓದಿ ಈಗ ಇಂಟರ್ನ್‌ಶಿಪ್‌ನಲ್ಲಿ (ಕೊನೆಯ ಆಸ್ಪತ್ರೆ ತರಬೇತಿಯಲ್ಲಿ) ಇದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಸಾಲದ ಚಿಂತೆಗೆ ಮುಂಚೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವುದರ ಬಗ್ಗೆ ಯೋಚಿಸಿ. ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕುತ್ತೀರಿ ಅನ್ನುವುದರಲ್ಲೇ ನಿಮ್ಮ ಮನೆಯ ಅರ್ಧ ಲೆಕ್ಕ ಮುಗಿಯುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ವರ್ಷಕ್ಕೆ ಸುಮಾರು 60-65 ಸಾವಿರ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಗೆ (ಸರ್ಕಾರದ ಪಾಲಿನ ಸೀಟಿಗೆ) ಹೆಚ್ಚುಕಡಿಮೆ ಒಂದೂವರೆ ಲಕ್ಷ. ಅದೇ ಕಾಲೇಜಿನ ಖಾಸಗಿ ಕೋಟಾ ಆದರೆ 10 ಲಕ್ಷ ದಾಟುತ್ತದೆ. ಹಾಗಾಗಿ ಕಾಲೇಜಿನ ಹೆಸರಿನ ಜೊತೆ ಶುಲ್ಕವನ್ನೂ ಓದಿ. ಬೀದರ್, ಕಾರವಾರ, ಕೊಪ್ಪಳದ ಸರ್ಕಾರಿ ಕಾಲೇಜು ದೂರ ಅಂತ ಬಿಟ್ಟು, ಬೆಂಗಳೂರಿನ ಖಾಸಗಿ ಕಾಲೇಜನ್ನು ಮೇಲೆ ಹಾಕುವವರನ್ನು ನೋಡಿದ್ದೇನೆ. ಅನುಕೂಲಸ್ಥರು ಹಾಗೆ ಮಾಡಲಿ. ನೀವು ಬೇಡ.

ಜಾತಿ-ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಪತ್ರ, ಕಲ್ಯಾಣ ಕರ್ನಾಟಕದವರಾದರೆ ಆ ಭಾಗದ ಮೀಸಲಾತಿಗೆ ಬೇಕಾದ 371(ಜೆ) ಪತ್ರ, ಎಲ್ಲ ಸರಿಯಾಗಿವೆಯಾ ಈಗಲೇ ನೋಡಿ. ಒಂದು ಪತ್ರ ಇಲ್ಲದೆ ಮೀಸಲಾತಿ ಕೈತಪ್ಪಿದರೆ ಆಮೇಲೆ ಯಾವ ಸ್ಕಾಲರ್‌ಶಿಪ್ಪೂ ಆ ನಷ್ಟ ತುಂಬಿಕೊಡುವುದಿಲ್ಲ.

ಸಾಲ ಬೇಕೇ ಬೇಕು ಅಂದರೆ, 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಜಮೀನು ಅಡವಿಡಬೇಕಿಲ್ಲ. ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಏರುತ್ತಿರುತ್ತದೆ. ಆಗಾಗ ಬಡ್ಡಿಯಷ್ಟಾದರೂ ಕಟ್ಟಲು ಆಗುತ್ತದಾ ಮನೆಯಲ್ಲಿ ಮಾತಾಡಿಕೊಳ್ಳಿ. ಸಾಲದ ಲೆಕ್ಕದಲ್ಲಿ ಹಾಸ್ಟೆಲ್, ಮೆಸ್ಸನ್ನೂ ಸೇರಿಸಿ. ನಾಲ್ಕೂವರೆ ವರ್ಷದ ಕೋರ್ಸ್‌ಗೆ ಎಷ್ಟು ಸಲ ವಾರ್ಷಿಕ ಶುಲ್ಕ ಕಟ್ಟಬೇಕು ಅಂತ ಕಾಲೇಜಿನಲ್ಲೇ ಕೇಳಿ. ಸ್ಟೈಪೆಂಡ್ (ತರಬೇತಿ ಭತ್ಯೆ) ಬರುವುದು ಕೊನೆಯ ಇಂಟರ್ನ್‌ಶಿಪ್ ವರ್ಷದಲ್ಲಿ ಮಾತ್ರ. ಅದರ ನಂತರ ಒಂದು ವರ್ಷ ಸರ್ಕಾರಿ ಸೇವೆಗೆ ಕರೆಯಬಹುದಾದ ಕಾನೂನೂ ಇದೆ. ಪಿಜಿ (ಸ್ನಾತಕೋತ್ತರ ಓದು) ಯಾವಾಗ, ಸಾಲ ತೀರಿಸುವುದು ಯಾವಾಗ ಅಂತ ಯೋಚಿಸುವಾಗ ಅದು ತಲೆಯಲ್ಲಿರಲಿ.

ಇನ್ನು ಓದು. ಈಗಲೇ ಅನಾಟಮಿ (ದೇಹರಚನಾ ಶಾಸ್ತ್ರ) ಪುಸ್ತಕ ತಂದು ಕೂರಬೇಡಿ. ಮೂಳೆ ಕೈಯಲ್ಲಿ ಹಿಡಿಯದೆ ಅದು ತಲೆಗೆ ಹತ್ತುವುದಿಲ್ಲ. ಪಿಯುಸಿ ಜೀವಶಾಸ್ತ್ರದ ಮನುಷ್ಯನ ದೇಹದ ಪಾಠ, ಸಾವಯವ ರಸಾಯನಶಾಸ್ತ್ರದ ಬುಡ ಗಟ್ಟಿ ಇದ್ದರೆ ಧಾರಾಳ ಆಯಿತು. ನಿಜವಾದ ತೊಂದರೆ ಬೇರೆ. ನೀಟ್‌ನಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಇಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಪರೀಕ್ಷೆಯಲ್ಲಿ ಚಿತ್ರ ಸಮೇತ ಪುಟಗಟ್ಟಲೆ ಬರೆಯಬೇಕು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎದುರಿಗೆ ಕೂತವರಿಗೆ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು. ಓದಿದ್ದನ್ನು ನೋಡದೆ ಬರೆಯುವುದು, ಕನ್ನಡಿ ಮುಂದೆ ಜೋರಾಗಿ ಹೇಳುವುದು, ಇವೆರಡನ್ನು ದಿನಾ ಅರ್ಧ ಗಂಟೆ ಮಾಡಿ. ಕನ್ನಡ ಮಾಧ್ಯಮದಿಂದ ಬಂದಿದ್ದರೆ ಇದು ಇನ್ನೂ ಮುಖ್ಯ. ನಮ್ಮ ಬ್ಯಾಚಿನಲ್ಲಿ ಉತ್ತರ ಗೊತ್ತಿದ್ದೂ ವೈವಾದಲ್ಲಿ ಸುಮ್ನೆ ಕೂತವರೇ ಜಾಸ್ತಿ. ಮೊದಲ ವರ್ಷ ಪಾಸಾಗಲು ನಾಲ್ಕು ಅವಕಾಶ ಮಾತ್ರ. ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಹಾಜರಾತಿಯೂ ಬೇಕು.

ಪುಸ್ತಕ, ಬೋನ್ ಸೆಟ್ (ಅನಾಟಮಿ ಕಲಿಯುವ ಮೂಳೆಗಳು) ಹೊಸದಾಗಿ ಕೊಳ್ಳಬೇಡಿ. ಹಾಸ್ಟೆಲ್ ಸೇರಿದ ವಾರದಲ್ಲೇ ಸೀನಿಯರ್‌ಗಳನ್ನು ಕೇಳಿ. ಕೆಲವರು ಅರ್ಧ ಬೆಲೆಗೆ ಕೊಡುತ್ತಾರೆ, ಕೆಲವರು ತಮ್ಮ ನೋಟ್ಸನ್ನೂ ಸೇರಿಸಿ ಪುಕ್ಕಟೆ ಕೊಟ್ಟುಬಿಡುತ್ತಾರೆ.