ದಾವಣಗೆರೆಯಲ್ಲಿದ್ದುಕೊಂಡು ಕರಾವಳಿಯ ಹುಟ್ಟೂರಿನ ಚೆಲುವು ಉಳಿಸಲು ನಾನೇನು ಮಾಡಬಹುದು?

ನಾನೂ ಹೊನ್ನಾವರದ ಕಡೆಯವನೇ. ಇಲ್ಲಿನ ಬಿಸಿಲಿನಲ್ಲಿ ಬೆಣ್ಣೆದೋಸೆ ತಿನ್ನುತ್ತಾ ಕಡಲನ್ನು ನೆನೆಯುವುದು ಸುಲಭ. ರಜೆಗೆ ಹೋದಾಗ ಅದನ್ನು ಕೆಡಿಸದೆ ಬರುವುದೇ ಕಷ್ಟ. ದಂಡೆಯಲ್ಲಿ ಹಬ್ಬುವ, ಮೇಕೆಯ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿಯನ್ನು ಕಳೆಯೆಂದು ಕೀಳಿಸಬೇಡಿ. ಮರಳದಿಬ್ಬವನ್ನು ಹಿಡಿದಿಡುವುದು ಅದೇ. ಚಳಿಗಾಲದಲ್ಲಿ ಕಡಲಾಮೆಗಳು ಅಲ್ಲಿಯೇ ಮೊಟ್ಟೆಯಿಡುತ್ತವೆ. ಸುಮಾರು 45ರಿಂದ 60 ದಿನಕ್ಕೆ ಮರಿಗಳು ಮರಳಿನಿಂದೆದ್ದು, ಬೆಳಕು ಕಂಡತ್ತ ತೆವಳುತ್ತವೆ. ನಿಮ್ಮ ಅಂಗಳದ ದೀಪ ಉರಿಯುತ್ತಿದ್ದರೆ ಕಡಲಿಗೆ ಬೆನ್ನು ಹಾಕಿ ಅತ್ತಲೇ ಬರುತ್ತವೆ, ಪಾಪ! ಊರಿಗೆ ಫೋನ್ ಮಾಡಿ, ಕಡಲ ಕಡೆಯ ದೀಪವನ್ನು ರಾತ್ರಿ ಆರಿಸಲು ಹೇಳಿ. ನದಿ ಕಡಲು ಸೇರುವ ಅಳಿವೆಯಲ್ಲಿನ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳನ್ನು ಕಡಿದು ಮಣ್ಣು ತುಂಬುವವರಿಗೆ ಜಾಗ ಮಾರುವುದಂತೂ ಬೇಡ.