ಪ್ರತಿಕ್ರಿಯೆ: ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮನ ನೋವು ಮರಳಿದ್ದೇಕೆ?

ಬೆಂಗಳೂರಿನ ಆಸ್ಪತ್ರೆಯಲ್ಲಿ ಗೆಲುವಾಗಿದ್ದ ನಿಮ್ಮ ತಾಯಿಗೆ ಸಕಲೇಶಪುರಕ್ಕೆ ಮರಳಿದ ಮೂರೇ ತಿಂಗಳಲ್ಲಿ ಹೊಟ್ಟೆನೋವು, ತಲೆಸುತ್ತು ಮತ್ತೆ ಶುರುವಾಗಲು ಬಹುಶಃ ಕಾರಣ, ಮನಸ್ಸಿನ ಒತ್ತಡದಿಂದ ಬರುವ ಇಂಥ ನೋವಿಗೆ ಅಲ್ಲಿ ಮಾತುಕತೆಯ ಮೂಲಕ ಕೊಡುತ್ತಿದ್ದ ಮನೋಚಿಕಿತ್ಸೆ ಬಿಡುಗಡೆಯ ದಿನವೇ ನಿಂತುಹೋದದ್ದು. ಚಿಕಿತ್ಸೆ ಸೋತಿತೆಂದು ದಯವಿಟ್ಟು ತಿಳಿಯಬೇಡಿ. ವಾರ್ಡಿನಲ್ಲಿ ಕಲಿತದ್ದು ಮನೆಯ ಒತ್ತಡದ ನಡುವೆ ಮಸುಕಾಗುತ್ತದೆ.

ಮೊದಲು ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹೊಸ ಕಾಯಿಲೆ ಇರಲೂಬಹುದು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಬೇಡ. ಆಮೇಲೆ ಬಿಡುಗಡೆ ಪತ್ರ ಹಿಡಿದು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ, ಆಪ್ತಸಮಾಲೋಚನೆಯೂ ಬೇಕೆಂದು ಬಾಯಿಬಿಟ್ಟು ಕೇಳಿ. ಇಂಥದ್ದೇ ತೊಂದರೆಯಿದ್ದ ನಮ್ಮ ಅಕ್ಕ ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕಿ ಇಡುತ್ತಿದ್ದಳು. ಸಾಲದ ಕಂತಿನ ದಿನದ ಆಸುಪಾಸಿನಲ್ಲೇ ಚುಕ್ಕಿಗಳು ಗುಂಪುಗೂಡಿದ್ದವು. ವೈದ್ಯರಿಗೆ ಆ ಹಾಳೆಯೇ ದಾರಿ ತೋರಿಸಿತು. ಪ್ರಯಾಣ ಆಗದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.